ಅತ್ತೆ ಮಾವ ಎರಡು ಸಲ ಮದ್ರಾಸಿಗೆ ಹೋದ ವರ್ಷ

ಕಳೆದ ತಿಂಗಳು ಸಿಂಧನೂರಿನಲ್ಲಿ ಮಸ್ಕಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಿಸಿಲು ತಾಳಲಾರದೆ ಒಂದು ಝೆರಾಕ್ಸ್ ಅಂಗಡಿಯ ನೆರಳಿಗೆ ಸರಿದೆ. ‘ಪಾಸ್‌ಪೋರ್ಟ್, ವೀಸಾ ಅರ್ಜಿ ತುಂಬಿ ಕೊಡಲಾಗುವುದು’ ಎಂದು ಬೋರ್ಡು ಹಾಕಿದ್ದರು. ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ಎದುರಿಗಿದ್ದ ಹಿರಿಯರನ್ನು, “ಜಮೀನು ಎಷ್ಟೈತ್ರಿ ಅಜ್ಜಾರ?” ಎಂದು ಕೇಳಿದಳು. ಅಜ್ಜ ಬಾಯಿ ತೆರೆಯುವ ಮೊದಲು ಹಿಂದೆ ನೋಡಿದರು, ಮುಂದೆ ನೋಡಿದರು, ಕಂಬದ ಪಕ್ಕ ನಿಂತಿದ್ದ ನನ್ನನ್ನೂ ಒಮ್ಮೆ ಅಳೆದು ನೋಡಿದರು. ಆಮೇಲೆ ದನಿ ತಗ್ಗಿಸಿ ಏನೋ ಹೇಳಿದರು.

ನನಗೆ ನಗು ತಡೆಯಲಾಗಲಿಲ್ಲ. ‘ಇದ್ದದ್ದು ಇದ್ದಂಗ ಹೇಳ್ರಿ ಅಜ್ಜಾರ, ಇಲ್ಲಂದ್ರ ಎರಡು ಸಲ ಓಡಾಡಬೇಕಾಗತೈತಿ’ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಹೊರಗೆ ಗದ್ದೆಗಳು, ಗದ್ದೆ ಮುಗಿದ ಮೇಲೆ ಜೋಳದ ಹೊಲಗಳು. ಮಸ್ಕಿ ಬರುವವರೆಗೂ ನಾನು ತುರ್ವಿಹಾಳದ ಆ ಒಂದು ವರ್ಷದಲ್ಲೇ ಇದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಸ್ಕಿಯವಳು. ಅಪ್ಪನಿಗೆ ಸಣ್ಣ ಬಟ್ಟೆ ಅಂಗಡಿ, ಊರ ಹೊರಗೆ ಒಂದಿಷ್ಟು ಹೊಲ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅಪ್ಪ, ಇಬ್ಬರು ಅಣ್ಣಂದಿರು, ನಾನು: ಒಲೆಯ ಮುಂದೆ ನಾನೊಬ್ಬಳೇ ಹೆಣ್ಣು. ಹಾಗಿದ್ದೂ ಅಪ್ಪ ನನ್ನನ್ನು ಲಿಂಗಸುಗೂರಿನ ಹಾಸ್ಟೆಲಿನಲ್ಲಿಟ್ಟು ಎಸ್ಸೆಸ್ಸೆಲ್ಸಿ ಓದಿಸಿದ. ಇಂಗ್ಲಿಷಿನಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಆ ಅಂಕ ನೋಡಿಯೇ ತುರ್ವಿಹಾಳದ ಅಮರಪ್ಪನವರು ತಮ್ಮ ಹಿರಿಮಗನಿಗೆ ನನ್ನನ್ನು ತಂದುಕೊಂಡರು. “ಮನಿಯಾಗ ಇಂಗ್ಲೀಷ್ ಓದಾಕ ಒಬ್ಬರು ಬೇಕಾಗಿತ್ತು” ಎಂದು ಮದುವೆಯಲ್ಲೇ ಎಲ್ಲರ ಮುಂದೆ ಹೇಳಿದ್ದರು. ಗಂಡನ ಮನೆಗೆ ಸೊಸೆಯಾಗಿ ಬಂದೆನೋ ಗುಮಾಸ್ತಳಾಗಿ ಬಂದೆನೋ ಎಂದು ನಾನು ಮೊದಲ ವರ್ಷವಿಡೀ ಅಂದುಕೊಳ್ಳುತ್ತಿದ್ದೆ.

ಇಂಗ್ಲಿಷ್ ಬೇಕಾಗಿದ್ದದ್ದು ಮಗಳಿಗಾಗಿ. ನನ್ನ ನಾದಿನಿ ಗಿರಿಜಾ ಧಾರವಾಡದಲ್ಲಿ ಕೃಷಿ ಓದಿ, ತನ್ನ ಜೊತೆ ಓದಿದವನನ್ನೇ ಮನೆಯವರ ಒಪ್ಪಿಗೆಯಿಂದ ಮದುವೆಯಾಗಿ, ಗಂಡಹೆಂಡಿರಿಬ್ಬರೂ ಮುಂದಿನ ಓದಿಗೆಂದು ಅಮೆರಿಕಕ್ಕೆ ಹೋಗಿದ್ದರು. ಅವಳು ಓದುತ್ತಿದ್ದದ್ದು ಸವಳು ನೆಲದ ಬಗ್ಗೆ. ಕಾಲುವೆ ಬಂದ ಮೇಲೆ ನಮ್ಮ ಕಡೆ ತಗ್ಗಿನ ಹೊಲಗಳಲ್ಲಿ ಉಪ್ಪು ಉಕ್ಕಿ ನೆಲ ಬೆಳ್ಳಗಾಗುತ್ತಿತ್ತಲ್ಲ, ಅದಕ್ಕೆ ಮದ್ದು ಹುಡುಕಿಕೊಂಡು ಬರುತ್ತೇನೆಂದು ಹೋದವಳು. ಆ ವರ್ಷ ಮುಂಗಾರಿನ ಹೊತ್ತಿಗೆ ಅವಳ ಪತ್ರ ಬಂತು. ತಾನು ಬಸುರಿ, ಸಂಕ್ರಾಂತಿ ಕಳೆದ ಮೇಲೆ ಹೆರಿಗೆ, ಓದು ನಡುವೆ ಬಿಟ್ಟು ಬಂದರೆ ಸೀಟು ಹೋಗುತ್ತದೆ, ಅಪ್ಪ ಅವ್ವ ಇಬ್ಬರೂ ಇಲ್ಲಿಗೇ ಬರಬೇಕು ಎಂದು ಬರೆದಿದ್ದಳು.

ಚೊಚ್ಚಲ ಬಾಣಂತನ ತವರಿನವರ ಹೊಣೆ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಎದ್ದು ಹೋಗಬೇಕು, ಅಷ್ಟೇ. ಅತ್ತೆ ಪತ್ರ ಕೇಳಿಸಿಕೊಂಡು ಮುಗಿಸಿದವರೇ ಬಾಣಂತಿಯ ಉಂಡೆಗೆ ಅಂಟು, ಖಾರಿಕು, ಒಣಕೊಬ್ಬರಿ, ಅಳವಿ ಎಂದು ಲೆಕ್ಕ ಹಾಕತೊಡಗಿದರು. ಸಿಂಧನೂರಿನಾಚೆ ರಾಯಚೂರನ್ನು ಒಮ್ಮೆಯೋ ಎರಡು ಸಲವೋ ಕಂಡವರು ಅವರು. ಅಮೆರಿಕ ಎಷ್ಟು ದೂರ ಎಂದು ಕೇಳಲಿಲ್ಲ. ಅಲ್ಲಿ ಬಚ್ಚಲಿಗೆ ಹಂಡೆ ಇದೆಯೋ ಇಲ್ಲವೋ ಎಂದು ಕೇಳಿದರು.

ಅಮೆರಿಕದ ವೀಸಾ ಅರ್ಜಿಯ ಫಾರಂ ಬಂತು. ನಾಟಿ ನಡೆದಿದ್ದ ದಿನಗಳು. ಮಳೆ ಹಿಡಿದು ಪಡಸಾಲೆಯ ಮಾಳಿಗೆ ಎರಡು ಕಡೆ ಸೋರುತ್ತಿತ್ತು. ಸೋರದ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತು ನಾನು ಒಂದೊಂದೇ ಕಾಲಮ್ಮು ಓದಿ ಹೇಳುತ್ತಿದ್ದೆ. ಮಾವ ಉತ್ತರ ಹೇಳುತ್ತಿದ್ದರು. ಆಸ್ತಿಯ ಕಾಲಮ್ಮು ಬಂತು.

“ಹೊಲ ಎಷ್ಟು ಬರೀಲಿರಿ ಮಾವಾರ?”

“ನಾಕು ಎಕರೆ ಅಂತ ಬರಿಯವಾ.”

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಮನೆಗೆ ಇಪ್ಪತ್ತೆರಡು ಎಕರೆ ಇತ್ತು, ಅದರಲ್ಲಿ ಹದಿನೆಂಟು ಎಕರೆ ಗದ್ದೆ. ಆದರೆ ಅದು ಲೆವಿಯ ಕಾಲ. ಭತ್ತ ಬೆಳೆದವರು ಇಂತಿಷ್ಟು ಚೀಲ ಸರಕಾರಕ್ಕೆ ಸರಕಾರದ ದರದಲ್ಲಿ ಅಳೆಯಬೇಕಿತ್ತು. ಯಾರದೆಷ್ಟು ಹೊಲ ಎಂದು ಕಾಗದದಲ್ಲಿದ್ದರೂ, ಅದರಲ್ಲಿ ಭತ್ತ ಎಷ್ಟು, ಜೋಳ ಎಷ್ಟು, ಸವಳು ಹಿಡಿದು ಬೀಳು ಬಿದ್ದದ್ದೆಷ್ಟು ಎನ್ನುವುದು ಬಹಳ ಮಟ್ಟಿಗೆ ರೈತನ ಬಾಯಿಮಾತು. ಹಾಗಾಗಿ ಜೀಪಿನ ಧೂಳು ಕಂಡರೆ ಸಾಕು, ಊರಿಗೆ ಊರೇ ಬಡವಾಗುತ್ತಿತ್ತು. ಚೀಲಗಳು ಬಣವೆಯೊಳಗೆ ಹೋಗುತ್ತಿದ್ದವು. ನಗುತ್ತ ಕೂತವರು ಕೆಮ್ಮತೊಡಗುತ್ತಿದ್ದರು. ಮಾವನ ಹತ್ತಿರವಂತೂ ಸಾಹೇಬರ ಮುಂದೆ ಹೋಗುವುದಕ್ಕೆಂದೇ ಒಂದು ಧೋತರವಿತ್ತು. ಎರಡು ಕಡೆ ತೇಪೆ, ಅಂಚು ಪಿಸಿದದ್ದು. ಅತ್ತೆ ಅದನ್ನು ಒಗೆದು, ಮಡಚಿ, ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಗಳ ಜೊತೆಗೇ ಇಡುತ್ತಿದ್ದರು. ಜೋಪಾನ ಮಾಡಬೇಕಾದ ಬಟ್ಟೆಯಲ್ಲವೇ!

ಇದು ತಪ್ಪೆಂದು ಊರಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ. ನನಗೂ ಅನಿಸಲಿಲ್ಲ. ನಾನೂ ರೈತನ ಮಗಳೇ. ನಾಲ್ಕು ಎಕರೆ ಎಂದು ದುಂಡಗೆ ಬರೆದು, ಜಾಣತನ ಮಾಡಿದೆನೆಂದು ಮಸಿ ಆರಿಸಿದೆ. ಆ ಅರ್ಜಿಯ ತಪ್ಪು ಮಾವನದು ಎಷ್ಟೋ ನನ್ನದೂ ಅಷ್ಟೇ.

ನಾಟಿ ಮುಗಿದು ಪೈರು ಹಸಿರು ಹಿಡಿದ ಮೇಲೆ ಮದ್ರಾಸಿನಲ್ಲಿದ್ದ ಅಮೆರಿಕದ ವೀಸಾ ಕಚೇರಿಯಿಂದ ಕರೆ ಬಂತು. ಅತ್ತೆ, ಮಾವ, ಜೊತೆಗೆ ನಮ್ಮವರು ರಾಯಚೂರಿಗೆ ಹೋಗಿ ರೈಲು ಹತ್ತಿದರು. ನಾಲ್ಕನೆಯ ದಿನ ಮಧ್ಯಾಹ್ನ ಮರಳಿ ಬಂದರು. ಮಾವನ ಮುಖ ಜಾತ್ರೆಯಲ್ಲಿ ಕುಸ್ತಿ ಗೆದ್ದವರ ಹಾಗಿತ್ತು. ಕಾಲಿಗೆ ನೀರು ಕೊಟ್ಟೆ. ನೀರು ಹಾಕಿಕೊಳ್ಳುತ್ತಲೇ ಶುರು ಮಾಡಿದರು.

“ಕೆಂಪಗ ದಾಳಿಂಬ್ರಿ ಹಣ್ಣಿನಂಗ ಅದಾನವಾ ಸಾಹೇಬ. ಬಾಜೂಕ ಮೈಸೂರ ಕಡೆಯಾಂವ ಒಬ್ಬ, ಅವನ ಮಾತು ನಮಗ, ನಮ್ಮ ಮಾತು ಅವಗ ಹೇಳಾಂವ. ನಿನ್ನ ಗಂಡನ್ನ ಒಳಗ ಬಿಡಲಿಲ್ಲ, ನಮ್ಮಿಬ್ಬರನ್ನ ಅಷ್ಟ ಕರದ್ರು. ‘ಹೊಲ ಎಷ್ಟು’ ಅಂದ. ‘ನಾಕು ಎಕರೆರಿ’ ಅಂದೆ. ಅಷ್ಟಕ್ಕ ಬಿಡಲಿಲ್ಲ ನಾ. ‘ಅದರಾಗೂ ಎರಡು ಸವಳು ಹಿಡದೈತ್ರಿ ಸಾಹೇಬ್ರ, ಜಾಲಿ ಸುದ್ದಾ ಬೆಳಿಯಂಗಿಲ್ಲ’ ಅಂದೆ.”

“ಮತ್ತೇನು ಕೇಳಿದ್ರು ಮಾವಾರ?”

“‘ಊರಾಗ ಮತ್ತೇನೈತಿ’ ಅಂದ. ‘ಏನೈತ್ರಿ, ಒಂದು ಮಣ್ಣಿನ ಮನಿ, ಎರಡು ಮುದಿ ಎತ್ತು’ ಅಂದೆ. ‘ವಿಮಾನದ ಟಿಕೇಟು ಯಾರು ತಗೀತಾರ’ ಅಂದ. ‘ನಾನ ತಗೀತೀನ್ರಿ’ ಅಂದೆ. ಸಾಹೇಬ ನನ್ನ ಮಾರಿ ನೋಡಿದ, ನನ್ನ ಧೋತರ ನೋಡಿದ, ಏನೋ ಬರಕೊಂಡ. ಒಂದು ಚೀಲ ಲೆವಿ ಬೀಳದಂಗ ಮಾತಾಡಿ ಬಂದೀನಿ ನೋಡು.”

“ನನ್ನ ಹೆಸರು ಬಿಟ್ರ ಏನೂ ಕೇಳಲಿಲ್ಲ” ಎಂದರು ಅತ್ತೆ, ಸ್ವಲ್ಪ ಬೇಸರದಿಂದ.

ಮಾವ ಟವೆಲ್ಲಿನ ಗಂಟು ಬಿಚ್ಚಿ ಒಂದು ಕಾಗದ ನನ್ನ ಕೈಗೆ ಕೊಟ್ಟರು. ಓದಿದೆ. ಇನ್ನೊಮ್ಮೆ ಓದಿದೆ.

“ಮಾವಾರ, ವೀಸಾ ಕೊಟ್ಟಿಲ್ರಿ.”

“ಕೊಟ್ಟಿಲ್ಲ ಅಂದ್ರ? ಕಾಗದ ಕೊಟ್ಟಾರಲ್ಲ?”

“ಕೊಡೂದಿಲ್ಲ ಅಂತ ಕೊಟ್ಟ ಕಾಗದರಿ ಇದು.”

ಊರಿಗೆ ಮರಳಿ ಬರುವರೆಂದು ನಂಬಲು ಆಧಾರವಿಲ್ಲ ಎಂದು ಅದರಲ್ಲಿತ್ತು. ಬಿಡಿಸಿ ಹೇಳಿದೆ. ಮಾವನಿಗೆ ತಿಳಿಯಲೇ ಇಲ್ಲ. “ಮರಳಿ ಬರದ ಮತ್ತೆಲ್ಲಿಗೆ ಹೋಗ್ತೀನಿ? ಹದಿನೆಂಟು ಎಕರೆ ಗದ್ದಿ ಯಾರು ನೋಡಬೇಕು?” ಎಂದು ನನ್ನ ಮೇಲೇ ರೇಗಿದರು. ಆ ಹದಿನೆಂಟು ಎಕರೆಯನ್ನು ಅಲ್ಲಿ ಹೇಳಿರಲಿಲ್ಲವಲ್ಲ ಎಂದು ನಾನೂ ಅನ್ನಲಿಲ್ಲ, ನಮ್ಮವರೂ ಅನ್ನಲಿಲ್ಲ. ಅತ್ತೆ ಎದ್ದು ಹೋಗಿ, ಗಂಟು ಕಟ್ಟಿಟ್ಟಿದ್ದ ಅಂಟು ಖಾರಿಕುಗಳನ್ನು ಬಿಚ್ಚಿ ಡಬ್ಬಿಗಳಿಗೆ ತುಂಬತೊಡಗಿದರು. ಡಬ್ಬಿಯ ಮುಚ್ಚಳಗಳ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಈಗ ನನ್ನ ಕಥೆ. ಮುಚ್ಚಿಡುವುದೇಕೆ, ಆ ಕಾಗದ ಓದಿದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಎರಡು ವಾರದ ಹಿಂದೆಯಷ್ಟೇ ನಾನು ಬಸುರಿಯೆಂದು ಖಾತ್ರಿಯಾಗಿತ್ತು. ಅತ್ತೆಗೆ ಹೇಳಿದ್ದೆ. ಯುಗಾದಿ ಕಳೆದು ತಿಂಗಳಿಗೆ ಹೆರಿಗೆ. ಅದೂ ಚೊಚ್ಚಲು. ನಿಯಮದಂತೆ ಮಸ್ಕಿಗೆ ಹೋಗಬೇಕು. ಮಸ್ಕಿಯಲ್ಲಿ ಯಾರಿದ್ದಾರೆ? ಅಪ್ಪ ಅಂಗಡಿ ತೆರೆಯಬಲ್ಲ, ಇನ್ನೂ ಮದುವೆಯಾಗದ ಅಣ್ಣಂದಿರು ಹೊಲ ಹೊಡೆಯಬಲ್ಲರು. ಕೂಸಿಗೆ ಎಣ್ಣೆ ನೀರು ಹಾಕುವುದು ಅವರಿಗೇನು ಗೊತ್ತು? ನನಗಿದ್ದ ಒಂದೇ ಭರವಸೆ ಅತ್ತೆ. ಆ ಅತ್ತೆ ತಿಂಗಳುಗಟ್ಟಲೆ ಅಮೆರಿಕಕ್ಕೆ ಹೋಗುವುದಕ್ಕೆ ನಾನೇ ಕೂತು ಅರ್ಜಿ ಬರೆದುಕೊಟ್ಟಿದ್ದೆ. ವೀಸಾ ಸಿಗಲಿಲ್ಲವೆಂದಾಗ, ದೇವರು ನನ್ನ ಕಡೆಗೂ ಒಮ್ಮೆ ನೋಡಿದ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅತ್ತೆ ಡಬ್ಬಿ ಮುಚ್ಚುತ್ತಿದ್ದ ಕಡೆ ತಲೆಯೆತ್ತಿ ನೋಡಲು ಆಗಲಿಲ್ಲ.

ವಿಷಯ ತಿಳಿಸಿ ಗಿರಿಜಾಗೆ ಬರೆದೆ. ಮಾವ ಏನೇನು ಹೇಳಿದರೆಂಬುದನ್ನೂ ಬರೆದೆ. ಮೂರು ವಾರಕ್ಕೆ ಉತ್ತರ ಬಂತು. ಭತ್ತ ಆಗ ಹೊಡೆ ತುಂಬಿತ್ತು. ಎಲ್ಲರನ್ನೂ ಕೂರಿಸಿಕೊಂಡು ಓದಿದೆ.

‘ಅತ್ತಿಗೆ, ಅಪ್ಪನಿಗೆ ಬಿಡಿಸಿ ಹೇಳು. ವೀಸಾದವರು ಬಡವರನ್ನು ಕಂಡರೆ ಬಿಡುತ್ತಾರೆಂದು ತಿಳಿದುಕೊಂಡಿದ್ದಾನೆ. ಬಡವನಾದರೆ ಇಲ್ಲೇ ಉಳಿದುಬಿಡುತ್ತಾನೆಂದು ಇವರಿಗೆ ಹೆದರಿಕೆ. ಊರಲ್ಲಿ ಹೊಲ ಮನೆ ಇದೆ, ಬೆಳೆ ಇದೆ, ಬಿಟ್ಟಿರಲು ಆಗುವುದಿಲ್ಲ ಎಂದು ಕಾಗದ ಸಮೇತ ತೋರಿಸಿದರೆ ಕೊಡುತ್ತಾರೆ. ತಹಶೀಲ್ದಾರರಿಂದ ಹೊಲದ ಮತ್ತು ಬೆಳೆಯ ದಾಖಲೆ ತಂದು ಮತ್ತೆ ಅರ್ಜಿ ಹಾಕಿರಿ. ಇಲ್ಲಿಯವರು ಲೆವಿ ಹಾಕುವುದಿಲ್ಲ ಎಂದು ಅಪ್ಪನಿಗೆ ಹೇಳು. ಅವ್ವ ಬರದಿದ್ದರೆ ನನಗೆ ಬಹಳ ಹೆದರಿಕೆ.’

ಕೊನೆಯ ಸಾಲನ್ನು ಅತ್ತೆ ಇನ್ನೊಮ್ಮೆ ಓದಿಸಿದರು. ಹೆದರಿಕೆ ನನಗೂ ಇತ್ತು.

ಮಾವ ಪತ್ರ ಇಸಿದುಕೊಂಡು ಆಚೆ ಈಚೆ ತಿರುಗಿಸಿ ನೋಡಿದರು. “ಅಮೆರಿಕದಾವ ಲೆವಿ ಹಾಕಂಗಿಲ್ಲ, ಖರೆ. ಸಿಂಧನೂರಿನಾವ ಹಾಕ್ತಾನಲ್ಲ? ಹದಿನೆಂಟು ಎಕರೆ ಭತ್ತ ಅಂತ ತಹಶೀಲ್ದಾರನ ಕಾಗದದಾಗ ಒಮ್ಮೆ ಬಿತ್ತಂದ್ರ ಮುಗೀತು. ಆಮ್ಯಾಲೆ ಹುಟ್ಟಿದ ಮಕ್ಕಳೂ ಅದಕ್ಕ ಅಳೀಬೇಕು” ಎಂದರು.

ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. ಮಾವನ ಮಾತಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಕಾಲುವಿಗೆ ನೀರು ಬಂದ ದಿನ ನೀವು ಊರ ತುಂಬ ಸಕ್ರಿ ಹಂಚೀರಿ. ನನಗ ನೆಪ್ಪೈತಿ. ಒಣಾ ಜೋಳದ ಹೊಲಕ್ಕ ಗಂಗಾ ಬಂದ್ಲು, ಇನ್ನ ನಮಗ ಯಾರ ಅಂಜಿಕಿ ಇಲ್ಲ ಅಂದಿದ್ರಿ. ಈಗ ನೋಡಿದ್ರ ಬೆಳದ ಬೆಳಿ ಇಷ್ಟು ಅಂತ ಹೇಳಾಕ ಅಂಜತೀರಿ. ಬಂದದ್ದು ಮುಚ್ಚಿಡಾಕ ಹಂಚೀರೇನು ಸಕ್ರಿ?”

ಅತ್ತೆಯ ಕಣ್ಣಲ್ಲಿ ನೀರಿರಲಿಲ್ಲ.

“ಚೀಲಾ ಅಳದ್ರ ಮತ್ತ ಬೆಳೀತೈತಿ. ಮಗಳ ಚೊಚ್ಚಲ ಬಾಣಂತನ ಮತ್ತ ಬರಂಗಿಲ್ಲ” ಎಂದು ಹೇಳಿ ಒಳಗೆ ಹೋದರು.

ಮರುದಿನ ಮಾವ ತೇಪೆಯ ಧೋತರ ಕೇಳಲಿಲ್ಲ. ಮಗನ ಮದುವೆಯಲ್ಲಿ ಉಟ್ಟಿದ್ದ ಕೆಂಪಂಚಿನದನ್ನು ಉಟ್ಟು, ರುಮಾಲು ಸುತ್ತಿ, ತಲಾಟಿಯ ಮನೆಗೆ ಹೋದರು. ತಲಾಟಿ ಎಂದರೆ ಊರಿನ ಹೊಲಗಳ ಲೆಕ್ಕ ಇಡುವವರು. ಕಾಗದಪತ್ರ ಎತ್ತಿಕೊಂಡು ನಾನೂ ಹಿಂದೆ ಹೋಗಿದ್ದೆ. ಮಾವ ಕೂತು ಹೇಳಿದರು: ಹದಿನೆಂಟು ಎಕರೆ ಭತ್ತ, ಎರಡು ಜೋಳ, ಎರಡು ಸವಳು. ತಲಾಟಿ ಪೆನ್ನು ಎತ್ತಿದವರು ಎತ್ತಿದ ಹಾಗೇ ಉಳಿದರು.

“ಯಾಕ್ರಿ ಅಮರಪ್ಪನವರ, ಮೈಯಾಗ ಆರಾಮ ಐತಲ್ಲ?”

“ಆರಾಮ ಐತಿ. ಬರಕೋರಿ.”

“ಹೋದ ವರ್ಷ ಭತ್ತ ನಾಕು ಅಂದಿದ್ರಿ.”

“ಹೋದ ವರ್ಷ ಮಗಳು ಬಸುರಿ ಇದ್ದಿಲ್ಲ.”

ತಲಾಟಿಗೆ ಏನೂ ಅರ್ಥವಾಗಲಿಲ್ಲ. ಆದರೂ ಬರೆದುಕೊಂಡರು. ತಾನಾಗಿ ಬಂದು ನಿಜ ಹೇಳಿದ ರೈತನನ್ನು ತಮ್ಮ ನೌಕರಿಯಲ್ಲಿ ಮೊದಲ ಸಲ ಕಾಣುತ್ತಿದ್ದೇನೆ ಎಂದು ಚಹಾ ತರಿಸಿದರು. ಮರಳಿ ಬರುವಾಗ ಮಾವ ಹೆಜ್ಜೆ ಹಗುರಾಗಿ ಹಾಕುತ್ತಿದ್ದರು. “ಖರೆ ಹೇಳೂದು ಅಷ್ಟೇನು ತ್ರಾಸಿಲ್ಲ ಬಿಡವಾ. ಮೊದಲ ಮಾತಿಗೆ ಅಷ್ಟ ಗಂಟಲು ಹಿಡೀತೈತಿ” ಎಂದರು.

ಸಿಂಧನೂರಿನಲ್ಲಿ ತಹಶೀಲ್ದಾರರ ಕಾಗದ ಸಿಕ್ಕಿತು. ಅದರ ಇಂಗ್ಲಿಷ್ ಪ್ರತಿಗೆ ಲಿಂಗಸುಗೂರಿನಲ್ಲಿ ಮೇಲಿನ ಸಾಹೇಬರ ಸಹಿಯಾಗಬೇಕಿತ್ತು. ಇಂಗ್ಲಿಷಿಗೆ ಇಳಿಸಿದವಳು ನಾನೇ ಆದ್ದರಿಂದ ಏನಾದರೂ ಕೇಳಿದರೆ ಇರಲಿ ಎಂದು ಮಾವ ನನ್ನನ್ನೂ ಕರೆದುಕೊಂಡು ಹೊರಟರು. ಕಾರ್ತಿಕದ ಬಿಸಿಲು ಹಿತವಾಗಿತ್ತು. ರಸ್ತೆಯ ಎರಡೂ ಕಡೆ ಭತ್ತ ಹಣ್ಣಾಗಿ ಬಾಗಿತ್ತು. ಆಂಧ್ರದಿಂದ ಬಂದು ನೆಲೆ ನಿಂತವರ ಕ್ಯಾಂಪುಗಳಲ್ಲಿ ಆಗಲೇ ಕುಡುಗೋಲು ಮಸೆಯುತ್ತಿದ್ದರು. ಸಹಿ ಒಂದೇ ದಿನಕ್ಕೆ ಸಿಕ್ಕಿತು. ಮರಳುವಾಗ ಮಸ್ಕಿಯಲ್ಲಿ ಇಳಿದು ಅಪ್ಪನ ಅಂಗಡಿಗೆ ಹೋದೆವು.

ಅಪ್ಪನಿಗೆ ನನ್ನನ್ನು ಕಂಡು ಸಂತೋಷವೂ ಆಯಿತು, ಸಂಕೋಚವೂ ಆಯಿತು. ಬಟ್ಟೆಯ ಥಾನುಗಳನ್ನು ಸುಮ್ಮನೆ ಆಚೆಯಿಂದ ಈಚೆ ಇಡುತ್ತ, ಮಾವನ ಮುಖ ನೋಡದೆ, “ಬೀಗರ, ಹುಡುಗಿನ್ನ ಬಾಣಂತನಕ್ಕ ನಾವ ಕರಕೊಂಡು ಬರಬೇಕು. ಆದ್ರ ಮನಿಯಾಗ ಹೆಣ್ಣು ದಿಕ್ಕಿಲ್ಲ. ಹೆಂಗ ಮಾಡೂದು ತಿಳಿವಲ್ಲದು” ಎಂದ.

“ನೋಡೂಣಂತ” ಎಂದರು ಮಾವ. ಅಷ್ಟೇ ಅಂದರು. ಅವರ ಕೈಯಲ್ಲಿ ಸಹಿಯಾದ ಕಾಗದವಿತ್ತು, ಅವರ ಮನಸ್ಸೆಲ್ಲ ಅದರಲ್ಲೇ ಇತ್ತು. ಬಸ್ಸಿನಲ್ಲಿ ಅವರು ನಿದ್ದೆ ಹೋದರು. ನಾನು ಹೊರಗೆ ನೋಡುತ್ತ, ಅಪ್ಪನ ಆ ಥಾನು ಸರಿಸುವ ಕೈಗಳನ್ನು ನೆನೆದು ಕಣ್ಣೀರು ಹಾಕಿದೆ.

ಎರಡನೆಯ ಅರ್ಜಿ ಬರೆಯುವಾಗ ಮಳೆಯೂ ಇರಲಿಲ್ಲ, ಮಾಳಿಗೆಯೂ ಸೋರುತ್ತಿರಲಿಲ್ಲ. ಹೊಲದ ಕಾಲಮ್ಮಿನಲ್ಲಿ ಇಪ್ಪತ್ತೆರಡು ಎಂದು ಬರೆದೆ. ಎಷ್ಟು ದಿನ ಇರುತ್ತೀರಿ ಎಂಬ ಕಾಲಮ್ಮಿಗೆ ಬಂದೆ. ಗಿರಿಜಾ ನನಗೊಬ್ಬಳಿಗೇ ಬರೆದ ಚೀಟಿಯಲ್ಲಿ ಆರು ತಿಂಗಳು ಎಂದು ಬರೆಯಲು ಹೇಳಿದ್ದಳು. ಸಂಕ್ರಾಂತಿಯ ಮುಂಚೆ ಹೋದವರು ಆರು ತಿಂಗಳು ಇದ್ದರೆ ಮರಳುವುದು ಮುಂದಿನ ಮುಂಗಾರಿಗೆ. ಅಷ್ಟರಲ್ಲಿ ನನ್ನ ಕೂಸಿಗೆ ಎರಡು ತಿಂಗಳು ತುಂಬಿರುತ್ತದೆ, ನಾನು ಬದುಕಿದ್ದರೆ. ಹೌದು, ಹಾಗೂ ಯೋಚಿಸಿದೆ. ಇಪ್ಪತ್ತರ ವಯಸ್ಸು, ತಾಯಿಯಿಲ್ಲದವಳು, ಹೆರಿಗೆಯೆಂದರೆ ಕೇಳಿದ ಕಥೆಗಳಷ್ಟೇ ಗೊತ್ತು.

ಎರಡು ತಿಂಗಳು ಎಂದು ಬರೆದುಬಿಡಲೇ ಎನಿಸಿತು. ಆ ಮನೆಯಲ್ಲಿ ಅದನ್ನು ಓದಬಲ್ಲವರು ನಾನೊಬ್ಬಳೇ. ನಮ್ಮವರ ಇಂಗ್ಲಿಷ್ ಸಹಿಗೆ ಮುಗಿಯುತ್ತಿತ್ತು. ಅತ್ತೆ ಆಚೆ ಕೂತು ಮತ್ತೆ ಡಬ್ಬಿಗಳಿಂದ ಅಂಟು ತೆಗೆದು ಆರಿಸುತ್ತಿದ್ದರು, ನಡುನಡುವೆ ಏನೋ ಗುನುಗುತ್ತಿದ್ದರು. ಅಷ್ಟು ಖುಷಿಯಾಗಿದ್ದರು. ಮಗಳ ಹತ್ತಿರ ಇರಲಿ, ತಾಯಿಯ ಹತ್ತಿರ ಇರುವ ಭಾಗ್ಯ ಗಿರಿಜಾಗಾದರೂ ಇರಲಿ ಎಂದುಕೊಂಡು ಆರು ತಿಂಗಳು ಎಂದೇ ಬರೆದೆ. ಯಾರಿಗೂ ಓದಿ ಹೇಳಲಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತಿದರು.

ಸುಗ್ಗಿ ಮುಗಿದು ರಾಶಿ ಮನೆಗೆ ಬಂದ ವಾರ ಮತ್ತೆ ಮದ್ರಾಸಿನ ಕರೆ ಬಂತು. ಮೂವರೂ ಹೋದರು. ನಾಲ್ಕನೆಯ ದಿನ ಮಧ್ಯಾಹ್ನ ಬಂದರು. ಈ ಸಲ ಮಾವನ ಮುಖ ನೋಡಿ ಏನಾಯಿತೆಂದು ಹೇಳಲು ಬರುವಂತಿರಲಿಲ್ಲ. ಅತ್ತೆಯದಂತೂ ಸಿಡುಕು ಮುಖ. ನನ್ನ ಕಡೆ ನೋಡದೆ ಸೀದಾ ಅಡುಗೆಮನೆಗೆ ಹೋದರು. ಮತ್ತೆ ಇಲ್ಲವೆಂದರೇನೋ ಎಂದುಕೊಂಡೆ. ಮಾವ ಪಡಸಾಲೆಯಲ್ಲಿ ಕಾಲು ಚಾಚಿ ಕೂತರು.

“ಕೊಟ್ರೇನ್ರಿ ಮಾವಾರ?”

“ಕೂಡು, ಹೇಳ್ತೀನಿ. ಅದ ಸಾಹೇಬ ಇದ್ದ. ಇಪ್ಪತ್ತೆರಡು ಎಕರೆ ಕಾಗದ ಮುಂದಿಟ್ಟೆ. ನೋಡಿದ. ಹಳೀ ಅರ್ಜಿ ತಗದ. ಎರಡೂ ಬಾಜೂಕ ಬಾಜೂಕ ಇಟ್ಟ. ‘ಮೂರು ತಿಂಗಳಾಗ ಹದಿನೆಂಟು ಎಕರೆ ಎಲ್ಲಿಂದ ಬಂತು’ ಅಂದ. ನನಗ ಬೆವರು ಬಂತವಾ. ಲೆವಿದು ಹೇಳಿದೆ. ಧೋತರದ್ದು ಸುದ್ದಾ ಹೇಳಿದೆ. ಮೈಸೂರ ಕಡೆಯಾಂವ ನಕ್ಕ, ಸಾಹೇಬ ನಗಲಿಲ್ಲ. ‘ಆವಾಗ ಸುಳ್ಳು ಹೇಳಿದಾಂವ ಈಗ ಖರೆ ಹೇಳ್ತಾನ ಅಂತ ಹೆಂಗ ನಂಬಲಿ’ ಅಂದ. ಮುಗೀತು ಅಂದಕೊಂಡೆ.”

ಒಳಗೆ ಪಾತ್ರೆಯ ಸದ್ದು ಜೋರಾಯಿತು. ಮಾವ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಆಮ್ಯಾಲೆ ನಿಮ್ಮತ್ತಿ ಕಡೆ ತಿರುಗಿದ. ‘ಆರು ತಿಂಗಳು ಇರ್ತೀವಿ ಅಂತ ಬರದೀರಿ, ಹೌದೇನು’ ಅಂತ ಕೇಳಿದ. ಇಕಿ ಕುರ್ಚಿ ಮ್ಯಾಲಿಂದ ಎದ್ದ ನಿಂತಳು. ‘ಆರು ತಿಂಗಳಾ? ಯಾರು ಬರದಾರ ಅದನ್ನ? ನಾ ಆರು ತಿಂಗಳು ಇರಂಗಿಲ್ರಿ. ಮಗಳಿಗೆ ನಲವತ್ತು ದಿನ ನೀರು ಹಾಕಿ, ಕೂಸಿನ್ನ ತೊಟ್ಟಿಲಕ್ಕ ಹಾಕಿ ಬಂದುಬಿಡಾಕಿ. ಯುಗಾದಿಗೆ ನಾ ನನ್ನ ಮನಿಯಾಗ ಇರಬೇಕು’ ಅಂದ್ಲು. ‘ಯುಗಾದಿಗೆ ಏನೈತಿ’ ಅಂದ ಸಾಹೇಬ.”

ಮಾವ ನನ್ನ ಮುಖ ನೋಡಿದರು.

“‘ನನ್ನ ಸೊಸಿ ಬಸುರಿ ಅದಾಳ. ಅಕಿಗೆ ತಾಯಿ ಇಲ್ಲ. ಮಗಳಿಗೆ ಗಂಡ ಬಾಜೂಕ ಅದಾನ, ದೊಡ್ಡ ದವಾಖಾನಿ ಐತಿ. ಇಕಿಗೆ ನನ್ನ ಬಿಟ್ರ ಯಾರದಾರ್ರಿ? ಹೊತ್ತಿಗೆ ಮರಳಿ ಹೋಗಾಕ ಬಿಡ್ತೀವಿ ಅಂತ ನೀವು ಮಾತು ಕೊಡಂಗಿದ್ರ ನಾ ಬರ್ತೀನಿ, ಇಲ್ಲಂದ್ರ ನನಗ ನಿಮ್ಮ ಕಾಗದ ಬ್ಯಾಡ’ ಅಂದುಬಿಟ್ಲು. ಮೈಸೂರಿನಾಂವ ಸಾಹೇಬಗ ಹೇಳಿದ. ಸಾಹೇಬ ಪೆನ್ನು ಕೆಳಗ ಇಟ್ಟ. ಇಕಿನ್ನ ನೋಡಿದ. ಆಮ್ಯಾಲೆ ಇಬ್ಬರ ಪಾಸಪೋರ್ಟೂ ಇಸಕೊಂಡು ಠಸ್ಸೆ ಹೊಡದ. ನನ್ನ ಇಪ್ಪತ್ತೆರಡು ಎಕರೆ ಅಲ್ಲೇ ಮೇಜಿನ ಮ್ಯಾಲೆ ಬಿದ್ದಿತ್ತವಾ. ಅದನ್ನ ಮತ್ತ ನೋಡಲಿಲ್ಲ.”

ಮುಂದೆ ಆದದ್ದೆಲ್ಲ ಒಳ್ಳೆಯದೇ. ಆ ವರ್ಷ ಹದಿನೆಂಟು ಎಕರೆಯ ಲೆವಿ ಅಳೆದದ್ದಾಯಿತು. ಮಾವ ಗೊಣಗಲಿಲ್ಲ. ಜೀಪು ಬಂದಾಗ ಕೆಮ್ಮದೆ ಕೂತ ಒಬ್ಬರೇ ಒಬ್ಬರೆಂದು ಊರಲ್ಲಿ ಹೆಸರಾದರು. ಇಬ್ಬರೂ ಅಮೆರಿಕಕ್ಕೆ ಹೋದರು. ಗಿರಿಜಾಗೆ ಗಂಡು ಹುಟ್ಟಿತು. ಅಲ್ಲಿ ಹಂಡೆಯಿರಲಿಲ್ಲವಂತೆ, ಅತ್ತೆ ದೊಡ್ಡ ಪಾತ್ರೆಗಳಲ್ಲೇ ನೀರು ಕಾಯಿಸಿದರಂತೆ. ಓದು ಮುಗಿಸಿ ಗಿರಿಜಾ ಗಂಡ ಮಗುವಿನ ಜೊತೆ ಮರಳಿ ಬಂದು ಸವಳು ಹೊಲಗಳಲ್ಲಿ ಬಸಿಗಾಲುವೆ ತೋಡಿಸುತ್ತ ತಿರುಗಿದಳು. ನಮ್ಮ ಆ ಎರಡು ಎಕರೆಯೂ ಗದ್ದೆಯಾಯಿತು. ಯುಗಾದಿಗೆ ಆರು ದಿನ ಮೊದಲೇ ಅತ್ತೆ ಮನೆಗೆ ಬಂದಿದ್ದರು. ನನ್ನ ಮಗಳು ಮೊದಲು ಕಣ್ಣು ಬಿಟ್ಟು ಕಂಡದ್ದು ಅವರ ಮುಖವನ್ನೇ ಇರಬೇಕು.

ಆದರೆ ಆ ವರ್ಷವೆಂದರೆ ನನಗೆ ನೆನಪಾಗುವುದು ಅದಾವುದೂ ಅಲ್ಲ, ಮದ್ರಾಸಿನಿಂದ ಬಂದ ಆ ಮಧ್ಯಾಹ್ನ. ಮಾವನ ಮಾತು ಮುಗಿದ ಮೇಲೆ ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅತ್ತೆ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿ ತಿರುಗಿದರು.

“ಆರು ತಿಂಗಳು ಅಂತ ಬರದಾಕಿ ನೀನ ಏನು?”

“ಹೌದ್ರಿ.”

“ನನ್ನ ಒಂದು ಮಾತು ಕೇಳದ?”

ಅತ್ತೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡರು.

“ತಲಿ ನೆಟ್ಟಗೈತೋ ಇಲ್ಲೋ ನಿಂದು? ಎಸ್ಸೆಸ್ಸೆಲ್ಸಿ ಓದೀನಿ ಅಂತಿ, ಒಂಬತ್ತು ತಿಂಗಳ ಲೆಕ್ಕ ಬರೂದಿಲ್ಲೇನು ನಿನಗ? ಒಬ್ಬಾಕಿನ ಹಡದು, ಒಬ್ಬಾಕಿನ ನೀರು ಹಾಕ್ಕೊಂಡು, ಒಬ್ಬಾಕಿನ ಸಾಯಾಕಿ ಇದ್ದೀಯೇನು? ನಾನೇನು ಸತ್ತೀನೇನು ಇಲ್ಲಿ? ಬಾಯಿ ಇಲ್ಲೇನು ನಿನಗ, ಅತ್ತಿ ನನಗ ನೀ ಬೇಕು ಅಂತ ಹೇಳಾಕ? ನಿಂತು ನೋಡ್ತಾಳ ನೋಡು, ಗುಮ್ಮನಂಗ. ಮುಂಜಾನಿಂದ ಏನರ ತಿಂದೀಯೋ ಇಲ್ಲೋ?”

ಅವ್ವ ಸತ್ತ ಹತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ಅಪ್ಪನಿಗೆ ಬೈಯಲು ಬರುತ್ತಿರಲಿಲ್ಲ, ತಾಯಿಯಿಲ್ಲದ ಹುಡುಗಿಯೆಂದು ಉಳಿದವರೆಲ್ಲ ಮೆತ್ತಗೆ ಮಾತಾಡುತ್ತಿದ್ದರು. ಇನ್ನಷ್ಟು ಬೈಯಲಿ ಎಂದು ನಾನು ಆ ಬಾಗಿಲಲ್ಲೇ ನಿಂತಿದ್ದೆ.